ಮೊಳೆ ಹುಣ್ಣು

ಜನವರಿ ೯

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಭಾನುವಾರ ಬಂತೆಂದರೆ ನಿನ್ನ ಹಾಸ್ಟೆಲಿನ ಫೋನಿಗೆ ಗಂಟುಬಿದ್ದು ಕಿವಿ ತೂತು ಬೀಳುವಷ್ಟು ಮಾತಾಡುತ್ತಿದ್ದ ತಮ್ಮ ಇದ್ದಕ್ಕಿದ್ದಂತೆ ಪೆನ್ನು ಹಿಡಿದನಲ್ಲ ಎಂದು ನಿನಗೆ ಅನುಮಾನ ಬರುತ್ತದೆ. ಹುಡುಗಿಯರ ಹಾಸ್ಟೆಲಿನ ವಾರ್ಡನ್ನಿಗೆ ಅನುಮಾನ ಬಿಟ್ಟು ಬೇರೆ ಏನು ತಾನೆ ಬರುತ್ತದೆ. ವಿಷಯ ಇಷ್ಟೇ. ಇಲ್ಲಿನ ಹಳೇ ಥಿಯೇಟರಿನ ಸೀಟುಗಳನ್ನೆಲ್ಲ ಬಿಚ್ಚಿ ಹೊಸ ಕುಷನ್ ಹಾಕುವ ಕೆಲಸ ನನಗೆ ಸಿಕ್ಕಿದೆ. ಭಾನುವಾರವೂ ಅಲ್ಲೇ ಇರುತ್ತೇನೆ. ಫೋನಿನ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಲ್ಲುವಷ್ಟು ಪುರುಸೊತ್ತಿಲ್ಲ.

ನಿನ್ನ ಅತ್ತೆ ತೀರಿಕೊಂಡಾಗ ಬಂದವನು ಅವತ್ತೇ ವಾಪಸ್ ಹೊರಟೆ, ಸರಿಯಾಗಿ ಮಾತೂ ಆಡಲಿಲ್ಲ. ನೀನು ಬೇಸರ ಮಾಡಿಕೊಂಡಿರಬೇಕು. ವರ್ಷಗಟ್ಟಲೆ ಅವರನ್ನು ಎತ್ತಿ ಇಳಿಸಿ ನಿನ್ನ ಸೊಂಟ ಬಿದ್ದುಹೋಗಿದೆ ಅಂತ ಭಾವ ಹೇಳಿದರು. ಈಗಲಾದರೂ ಸ್ವಲ್ಪ ಕಾಲು ಚಾಚಿ ಕೂತುಕೋ.

ಥಿಯೇಟರಿನ ಸೀಟುಗಳ ಚೌಕಟ್ಟು ಹಳೇ ಕಾಲದ ಗಟ್ಟಿ ಮರ. ಪಕ್ಕದ ಅಂಗಡಿಯ ಬಡಗಿ, ಪಿನ್ ಹೊಡೆಯುವ ಗನ್ ತಗೋ ಎಂದು ದಿನಾ ನನ್ನ ತಲೆ ತಿನ್ನುತ್ತಾನೆ. ಆ ಮರಕ್ಕೆ ಪಿನ್ನು ಇಳಿಯುವುದಿಲ್ಲ, ಬಗ್ಗುತ್ತದೆ. ಹಾಗಾಗಿ ಅಪ್ಪ ಕಲಿಸಿದ ಹಾಗೇ ನಡೆದಿದೆ: ಒಂದು ಹಿಡಿ ಚಿಕ್ಕ ಮೊಳೆ ಬಾಯಿಗೆ ಹಾಕಿಕೊಳ್ಳುವುದು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತರುವುದು, ಎಡಗೈಯಲ್ಲಿ ತೆಗೆದು ರೆಕ್ಸಿನ್ ಮೇಲೆ ಇಟ್ಟು ಬಲಗೈಯಲ್ಲಿ ಹೊಡೆಯುವುದು. ಬಾಯಿ ತುಂಬ ಮೊಳೆ ಇದ್ದರೆ ಮಾತಾಡುವ ಹಾಗಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ.

ಅಂದಹಾಗೆ ಬಾಯಲ್ಲಿ ಮೊಳೆ ಹುಣ್ಣಾಗಿದೆ. ನಿನಗೆ ಗೊತ್ತಲ್ಲ, ಅಪ್ಪನಿಗೂ ಆಗಾಗ ಆಗುತ್ತಿತ್ತು, ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುತ್ತಿದ್ದರು. ಇದು ಸ್ವಲ್ಪ ಹಟಮಾರಿ, ಮಳೆಗಾಲ ಮುಗಿದಾಗಿನಿಂದ ಕೂತಿದೆ. ಹೇಳಿಕೊಳ್ಳುವಂಥ ನೋವಿಲ್ಲ. ಬಲಗಡೆ ಅಗಿದರೆ ತಗಲುತ್ತದೆ, ಅದಕ್ಕೆ ಎಡಗಡೆಯಲ್ಲೇ ನಿಧಾನಕ್ಕೆ ಊಟ. ನನ್ನವಳು, ನಿನ್ನ ಮುದ್ದಿನ ನಾದಿನಿ, ಅದಕ್ಕೂ ಬಿಡುವುದಿಲ್ಲ. "ತಟ್ಟೆ ಒಣಗಿಹೋಯ್ತು, ನಿಮ್ಮ ಊಟ ಮುಗೀಲಿಲ್ಲ" ಅನ್ನುತ್ತಾಳೆ.

ನಿನ್ನ,
ತಮ್ಮ


ಜನವರಿ ೨೪

ನನ್ನ ವಟವಟನಿಗೆ,

ಮಾತು ಕಲಿತ ದಿನದಿಂದ ಬಾಯಿ ಮುಚ್ಚದವನು ನೀನು, ಅದಕ್ಕೇ ಅಪ್ಪ ಆ ಹೆಸರಿಟ್ಟರು. ಅಂಥವನಿಂದ ಕಾಗದ ಬಂತು ಎಂದು ಹಾಸ್ಟೆಲಿನ ಅಡುಗೆಯವಳ ತನಕ ಎಲ್ಲರಿಗೂ ತೋರಿಸಿದೆ. ನಿಜ ಹೇಳಲಾ, ಫೋನಿಗಿಂತ ಇದೇ ಚೆನ್ನಾಗಿದೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟಿದ್ದು ಯಾವಾಗ?

ಅತ್ತೆಯ ಕೋಣೆ ಖಾಲಿ ಮಾಡಿದೆ. ಔಷಧಿ ಬಾಟಲಿ, ರಬ್ಬರ್ ಶೀಟು, ಬೆಡ್‌ಪ್ಯಾನು ಎಲ್ಲ ಹೊರಗೆ ಹೋದವು. ಫಿನೈಲಿನ ವಾಸನೆ ಮಾತ್ರ ಹೋಗಿಲ್ಲ, ಅದು ನನ್ನ ಕೈಗೇ ಹತ್ತಿಕೊಂಡಿದೆಯೋ ಏನೋ. ನಿನ್ನ ಭಾವ ಅವರ ಅಮ್ಮನ ಮಂಚದ ಮೇಲೆ ಕೂತು ಪೇಪರ್ ಓದುತ್ತಾರೆ, ಪುಟ ಮಾತ್ರ ತಿರುಗಿಸುವುದಿಲ್ಲ. ನನಗೆ ಅಳು ಬರಲಿಲ್ಲ ಕಣೋ. ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಅಷ್ಟು ಸಾಕಾಗಿತ್ತು.

ಇನ್ನು ಮುಂದೆ ಯಾರ ಸೇವೆಯೂ ನನ್ನ ಕೈಲಿ ಆಗುವುದಿಲ್ಲ ಎಂದು ನಿನ್ನ ಭಾವನಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ನನ್ನೆದುರು ಯಾರಾದರೂ ಒಂದು ಸಲ ಕೆಮ್ಮಿದರೂ ಸಾಕು, ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ನಿನ್ನನ್ನೂ ಸೇರಿಸಿಯೇ ಹೇಳಿದ್ದು, ನೆನಪಿಟ್ಟುಕೋ.

ಮೊಳೆ ಹುಣ್ಣಿಗೆ ಉಪ್ಪುನೀರೇ ಸರಿ. ಬಿಸಿ ಇರಲಿ. ತುಕ್ಕು ಹಿಡಿದ ಮೊಳೆ ಬಾಯಿಗೆ ಹಾಕಬೇಡ, ಅಪ್ಪನಿಗೆ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ನಾದಿನಿಗೆ ಹೇಳು, ನಿಧಾನವಾಗಿ ಊಟ ಮಾಡುವ ಗಂಡ ಸಿಗಲು ಪುಣ್ಯ ಮಾಡಿರಬೇಕು, ನನ್ನವರು ನಾನು ಬಡಿಸುವ ಮೊದಲೇ ಎದ್ದಿರುತ್ತಾರೆ ಅಂತ.

ಅಕ್ಕ


ಮಾರ್ಚ್ ೧೭

ಅಕ್ಕಾ,

ಉತ್ತರ ತಡವಾಯಿತು. ಥಿಯೇಟರಿನ ಕೆಲಸ ಬಾಲ್ಕನಿಗೆ ಬಂದಿದೆ. ಹಳೇ ಸೀಟಿನೊಳಗಿಂದ ಏನೇನು ಸಿಗುತ್ತದೆ ಗೊತ್ತಾ, ಬಾಚಣಿಗೆ, ಕಿವಿಯೋಲೆ, ಒಂದು ಹಲ್ಲುಸೆಟ್ಟು. ಆ ಹಲ್ಲುಸೆಟ್ಟನ್ನು ಬಡಗಿ ತನ್ನ ಅಂಗಡಿಯ ಶೆಲ್ಫಿನಲ್ಲಿ ಇಟ್ಟುಕೊಂಡಿದ್ದಾನೆ. ಬಂದವರಿಗೆಲ್ಲ ಅದು ನನ್ನದು ಅನ್ನುತ್ತಾನೆ.

ಹುಣ್ಣು ವಾಸಿಯಾಯಿತು. ನೀನು ಹೇಳಿದ ಹಾಗೆ ಬಿಸಿ ಉಪ್ಪುನೀರು ಮಾಡಿದೆ.

ಒಂದು ಮಾತು ಕೇಳಬೇಕೆಂದಿದ್ದೆ. ಬೇರೆ ಏನಕ್ಕೂ ಅಲ್ಲ, ಮೊನ್ನೆ ಬಡಗಿಯ ಜೊತೆ ಮಾತು ಬಂದು ನೆನಪಾಯಿತು. ನಿನ್ನ ಅತ್ತೆ ಮೊದಲ ಸಲ ಆಸ್ಪತ್ರೆಗೆ ಹೋದಾಗ ಚೆನ್ನಾಗೇ ನಡೆಯುತ್ತಿದ್ದರಲ್ಲವೆ? ಡಾಕ್ಟರು ಇಂಥದ್ದು ಅಂತ ಹೆಸರು ಹೇಳಿದ ಮೇಲೆ ಅಲ್ಲವೆ ಅವರು ಮಲಗಿದ್ದು? ಬಡಗಿ ಹೇಳುತ್ತಾನೆ, ಅವನ ಚಿಕ್ಕಪ್ಪನೂ ಹಾಗೇ ಅಂತೆ, ಗೊತ್ತಾಗುವ ತನಕ ಕಲ್ಲುಗುಂಡಿನ ಹಾಗೆ ಇದ್ದರಂತೆ. ನಿನಗೆ ಏನನ್ನಿಸುತ್ತದೆ?

ತಮ್ಮ


ಏಪ್ರಿಲ್ ೨

ವಟವಟಾ,

ನಿನ್ನ ಪ್ರಶ್ನೆ ಓದಿ ಕಣ್ಣು ತುಂಬಿ ಬಂತು. ಅತ್ತೆಯ ಬಗ್ಗೆ ಇಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರಿಗೂ ಮುಗಿದುಹೋದ ಕಥೆ. ನೀನೊಬ್ಬ ಕೇಳಿದೆ. ನೀನು ಹೇಳಿದ್ದು ನಿಜ. ಆಸ್ಪತ್ರೆಯ ಮೆಟ್ಟಿಲನ್ನು ಅತ್ತೆ ತಾವೇ ಹತ್ತಿದರು. ಡಾಕ್ಟರು ಹೆಸರು ಹೇಳಿದ ಮೇಲೆ ಇಳಿಯುವಾಗ ನನ್ನ ತೋಳು ಹಿಡಿದರು, ಆಮೇಲೆ ಬಿಡಲೇ ಇಲ್ಲ. ಮರುದಿನದಿಂದ ಮಂಚ ಬಿಟ್ಟು ಏಳಲಿಲ್ಲ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಆಗ ನನಗೂ ಅನ್ನಿಸಿತ್ತು.

ಈಗ ನಿನ್ನ ವಿಚಾರಕ್ಕೆ ಬರುತ್ತೇನೆ. ನಾದಿನಿ ಫೋನ್ ಮಾಡಿದ್ದಳು. ನೀನು ಬೇರೆ ಕೋಣೆಯಲ್ಲಿ ಕೂತು ಊಟ ಮಾಡುತ್ತೀಯಂತೆ, ಮಾತು ಕೇಳಿದರೆ ಹ್ಞೂಂ ಅಥವಾ ಉಹ್ಞೂಂ, ಮಲಗುವಾಗ ಗೋಡೆ ಕಡೆ ಮುಖ. "ಅತ್ತಿಗೆ, ಅವರಿಗೆ ನಾನು ಬೇಡವಾಗಿದ್ದೀನಿ" ಎಂದು ಅತ್ತಳು. ಏನೋ ಇದು? ನಿನ್ನ ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಿನಗೆ ಎಂಥ ಮುನಿಸು? ಸಂಜೆ ಬಡಗಿಯ ಜೊತೆ ಕುಡಿಯಲು ಶುರು ಮಾಡಿದ್ದೀಯಾ? ಇನ್ನೂರು ಹುಡುಗಿಯರನ್ನು ನೋಡಿಕೊಳ್ಳುವವಳು ನಾನು, ಹೊಟ್ಟೆನೋವು ಅಂತ ಬಂದವಳ ಮುಖ ನೋಡಿಯೇ ಅದು ಪರೀಕ್ಷೆಯ ನೋವೋ ನಿಜವಾದ ನೋವೋ ಹೇಳುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚಬೇಡ. ಅವಳ ಹತ್ತಿರ ಕೂತು ನಾಲ್ಕು ಮಾತಾಡು. ಬಾಯಿ ಇರುವುದು ಮೊಳೆ ಇಟ್ಟುಕೊಳ್ಳುವುದಕ್ಕಷ್ಟೇ ಅಲ್ಲ.

ಅಕ್ಕ


ಜೂನ್ ೧೧

ಅಕ್ಕಾ,

ಜಗಳ ಇಲ್ಲ. ಕುಡಿತವೂ ಇಲ್ಲ. ಅವಳು ಸುಮ್ಮನೆ ನಿನ್ನನ್ನು ಹೆದರಿಸಿದ್ದಾಳೆ.

ಗಡ್ಡ ಬಿಟ್ಟಿದ್ದೇನೆ. ಬಡಗಿ ಸ್ವಾಮಿಗಳೇ ಅಂತ ಕರೆಯುತ್ತಾನೆ. ಮಗಳಿಗೆ ಇಷ್ಟವಾಗಿಲ್ಲ.

ಥಿಯೇಟರಿನ ಕೆಲಸ ಇನ್ನೂ ಸ್ವಲ್ಪ ಉಳಿದಿದೆ. ಅದೊಂದು ಮುಗಿದುಬಿಟ್ಟರೆ ಬೇರೆ ಕೆಲಸಗಳಿಗೆಲ್ಲ ಪುರುಸೊತ್ತಾಗುತ್ತದೆ.

ತಮ್ಮ


ಜುಲೈ ೬

ತಮ್ಮಾ,

ಈ ಕಾಗದವನ್ನು ಅಂಗಡಿಯಲ್ಲಿ ಓದಬೇಡ. ಯಾರೂ ಇಲ್ಲದ ಕಡೆ ಕೂತು ಓದು.

ನಿನ್ನೆ ಒಬ್ಬ ಹುಡುಗಿ ಕಿವಿನೋವು ಅಂತ ನನ್ನ ಆಫೀಸಿಗೆ ಬಂದಳು, ಮನೆಗೆ ಹೋಗಲು ರಜೆ ಬೇಕಂತೆ. ಬಲಗಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ನೋವು ಎಲ್ಲಿ ಅಂದರೆ ಎಡಗಿವಿ ಹಿಡಿದುಕೊಂಡಳು. ನಕ್ಕುಬಿಟ್ಟೆ, ಅವಳೂ ನಕ್ಕಳು. ಸುಳ್ಳು ಹೇಳುವವರು ಎಡ ಬಲ ಮರೆಯುತ್ತಾರೆ, ಇದು ನನ್ನ ಹಳೇ ಅನುಭವ. ಅವಳನ್ನು ಕಳಿಸಿ ಕೂತ ಮೇಲೆ ನಿನ್ನ ನೆನಪಾಯಿತು. ಯಾಕೆ ಎಂದು ತಕ್ಷಣ ಹೊಳೆಯಲಿಲ್ಲ. ನಿನ್ನ ಜನವರಿಯ ಕಾಗದ ಹುಡುಕಿ ಮತ್ತೆ ಓದಿದೆ.

ಬಲಗಡೆ ಅಗಿದರೆ ತಗಲುತ್ತದೆ ಎಂದು ಬರೆದಿದ್ದೀಯ.

ನಿನ್ನ ಮೊಳೆ ಯಾವ ಕಡೆ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪ ನಿನಗೆ ಕಲಿಸುವಾಗ ನಾನು ಅಲ್ಲೇ ತೆಂಗಿನ ನಾರು ಬಿಡಿಸುತ್ತಾ ಕೂತಿರುತ್ತಿದ್ದೆ. ತೆಗೆಯುವ ಕೈ ಎಡಗೈ, ಆದ್ದರಿಂದ ಮೊಳೆಯೂ ಎಡಗೆನ್ನೆಯಲ್ಲಿ. ನೀನು ಬಲಕ್ಕೆ ಹಾಕಿಕೊಂಡಾಗಲೆಲ್ಲ ಅಪ್ಪ ಕೆನ್ನೆ ಮೇಲೆ ಒಂದು ಬೆರಳು ಒತ್ತಿ, "ಈ ಕಡೆ" ಅನ್ನುತ್ತಿದ್ದರು. ಒಂದು ವಾರದಲ್ಲಿ ಕಲಿತೆ, ಆಮೇಲೆ ತಪ್ಪಿದ್ದೇ ಇಲ್ಲ. ನಮ್ಮ ಮನೆಯಲ್ಲಿ ಮೊಳೆ ಹುಣ್ಣಾದದ್ದೆಲ್ಲ ಎಡಗಡೆಗೇ.

ಹಾಗಾದರೆ ಬಲಗಡೆ ಇರುವುದು ಏನು?

ಬಲಗಡೆ ನೀನು ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದೆ. ಮಗಳು ಹುಟ್ಟಿದಾಗ ಬಿಟ್ಟೆ ಎಂದೆ. ನಾನು ನಂಬಿದೆ, ನಾದಿನಿಯೂ ನಂಬಿದಳು.

ಇಡೀ ದಿನ ಕೂತು ಜೋಡಿಸಿದೆ. ಫೋನ್ ನಿಂತಿದ್ದು ಬಿಡುವಿಲ್ಲ ಅಂತ ಅಲ್ಲ, ಮಾತಾಡಿದರೆ ನೋಯುತ್ತದೆ ಅಂತ. ಒಬ್ಬನೇ ಕೂತು ಉಣ್ಣುವುದು, ಗೋಡೆ ಕಡೆ ಮಲಗುವುದು, ಈಗ ಈ ಗಡ್ಡ. ಕೆನ್ನೆ ಊದಿದೆಯಲ್ಲವೆ? ಇವತ್ತು ಬೆಳಿಗ್ಗೆ ನಿಮ್ಮ ಪಕ್ಕದ ಮನೆಗೆ ಫೋನ್ ಮಾಡಿ ನಾದಿನಿಯನ್ನು ಕರೆಸಿ, ಅವನು ಬಾಯಿ ಪೂರ್ತಿ ತೆರೆಯುತ್ತಾನಾ ಎಂದಷ್ಟೇ ಕೇಳಿದೆ. ಅವಳು, "ಚಮಚ ಮಾತ್ರ ಹೋಗುತ್ತೆ ಅತ್ತಿಗೆ, ಯಾಕೆ?" ಅಂದಳು. ಏನೂ ಇಲ್ಲ ಎಂದು ಇಟ್ಟುಬಿಟ್ಟೆ. ಅವಳಿಗೆ ಹೇಳುವುದು ನಿನ್ನ ಕೆಲಸ.

ನನಗೆ ನಿನ್ನ ಮೇಲೆ ಬಂದಿರುವ ಕೋಪ ಅಷ್ಟಿಷ್ಟಲ್ಲ. ಹೆದರಿಕೆಯೂ ಆಗಿದೆ. ಎರಡರಲ್ಲಿ ಯಾವುದನ್ನು ಬರೆಯಲಿ ಎಂದು ಗೊತ್ತಾಗದೆ ಎರಡನ್ನೂ ಬರೆದಿದ್ದೇನೆ. ನಾಳೆಯೇ ಆಸ್ಪತ್ರೆಗೆ ಹೋಗು. ಹೋಗಿ ಬಂದು ಬರೆ.

ಅಕ್ಕ


ಜುಲೈ ೨೮

ಅಕ್ಕಾ,

ನಾಳೆಯೇ ಹೋಗು ಎಂದು ನೀನು ಬರೆದಿದ್ದೆ. ಹೋಗಲಿಲ್ಲ. ನಿನ್ನ ಕಾಗದವನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡು ಇಷ್ಟು ದಿನ ಮಲಗಿದ್ದೇನೆ. ಇವತ್ತು ಎಲ್ಲ ಹೇಳುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ.

ಇದಕ್ಕೆ ಮೊದಲೇ ಎರಡು ಸಲ ಆಸ್ಪತ್ರೆಗೆ ಹೋಗಿದ್ದೆ. ಮೊದಲನೆಯದು ಮಾರ್ಚಿನಲ್ಲಿ, ವಾಸಿಯಾಯಿತು ಎಂದು ನಿನಗೆ ಬರೆದ ವಾರವೇ. ಕೌಂಟರಿನವಳು ಏನು ತೊಂದರೆ ಎಂದು ಕೇಳಿದಳು. ಹಲ್ಲುನೋವು ಅಂದೆ. ಹಲ್ಲಿನ ವಿಭಾಗದ ಮುಂದೆ ಕೂರಿಸಿದರು. ಎದುರಿನ ಬೆಂಚಿನಲ್ಲಿ ನನ್ನ ವಯಸ್ಸಿನವನೇ ಒಬ್ಬ, ಮುಖದ ಕೆಳಭಾಗಕ್ಕೆ ಟವೆಲ್ ಸುತ್ತಿಕೊಂಡಿದ್ದ. ಅವನ ಹೆಂಡತಿ ಅವನ ಮೂಗಿನ ನಳಿಗೆಗೆ ಹಾಲು ಹಾಕುತ್ತಾ ಪಕ್ಕದವಳ ಜೊತೆ ಬಸ್ಸಿನ ಟೈಮು ಮಾತಾಡುತ್ತಿದ್ದಳು. ನೀರು ಕುಡಿದು ಬರುತ್ತೇನೆ ಎಂದು ನನ್ನ ಪಕ್ಕದವನಿಗೆ ಹೇಳಿ ಎದ್ದೆ. ಗೇಟು ದಾಟಿದ ಮೇಲೆ ನನಗೆ ಎಷ್ಟು ಹಸಿವಾಯಿತು ಗೊತ್ತಾ? ತಿಂಗಳುಗಳಿಂದ ಅಂಥ ಹಸಿವಾಗಿರಲಿಲ್ಲ.

ಎರಡನೇ ಸಲ ಡಾಕ್ಟರ ಎದುರಿಗೇ ಕೂತೆ. ಚಿಕ್ಕ ಹುಡುಗ, ಒಳ್ಳೆಯವನೇ. ಹೇಳಿ ಅಂದ. ಬಾಯಿ ತೆರೆಯಬೇಕಿತ್ತು, ಅಷ್ಟೇ. ನಾನು, ಸುಸ್ತು ಡಾಕ್ಟ್ರೇ, ಒಂದು ಟಾನಿಕ್ ಬರ್ಕೊಡಿ ಅಂದೆ. ಬರೆದುಕೊಟ್ಟ. ಆ ಬಾಟಲಿಯನ್ನು ನಿನ್ನ ನಾದಿನಿಗೆ ತೋರಿಸಿ, ನೋಡು, ಆಸ್ಪತ್ರೆಗೆ ಹೋಗಿಬಂದೆ ಎಂದು ಜಂಬ ಮಾಡಿದೆ. ಅವಳು ದಿನಾ ಎರಡು ಚಮಚ ಅಳೆದು ಕೊಡುತ್ತಾಳೆ. ಅಕ್ಕಾ, ಅವಳು ಚಮಚ ಒರೆಸುವುದನ್ನು ನೋಡುವಾಗ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ನೀನು ಸರಿಯಾಗಿಯೇ ಹಿಡಿದೆ. ಹೊಗೆಸೊಪ್ಪು ಬಿಟ್ಟಿಲ್ಲ. ಮನೆಯಲ್ಲಿ ಬಿಟ್ಟಿದ್ದೆ, ಅಂಗಡಿಯಲ್ಲಿ ಇತ್ತು. ರೆಕ್ಸಿನ್ ಸುರುಳಿಗಳ ಹಿಂದೆ ಡಬ್ಬಿ. ಮೊಳೆ ಎಂದು ನಾನು ಬೇಕೆಂದೇ ಕಥೆ ಕಟ್ಟಿದೆನೋ, ನಾನೇ ನಂಬಿದೆನೋ, ಈಗ ಕೇಳಿದರೆ ಗೊತ್ತಿಲ್ಲ. ಮೊಳೆ ಎಂದರೆ ಕೆಲಸದ ಗಾಯ. ಕೆಲಸದಲ್ಲಿ ಗಾಯವಾದರೆ ಯಾರೂ ಬೈಯುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ. ಇದಕ್ಕೆ ಯಾರು ಪಾಪ ಅನ್ನುತ್ತಾರೆ? ತಿಂದ, ಅನುಭವಿಸುತ್ತಾನೆ ಅನ್ನುತ್ತಾರೆ. ಡಾಕ್ಟರು ಮೊದಲು ಕೇಳುವುದೇ ಅದನ್ನು. ಪಕ್ಕದಲ್ಲಿ ನಿನ್ನ ನಾದಿನಿ ಕೂತಿರುತ್ತಾಳೆ. ಎಷ್ಟು ವರ್ಷದಿಂದ ಎಂದು ಅವರು ಕೇಳಿದಾಗ ನಾನು ಯಾರ ಮುಖ ನೋಡಿ ಹೇಳಲಿ?

ದಿನಾ ಎದ್ದ ತಕ್ಷಣ ನಾಲಿಗೆಯಿಂದ ಮುಟ್ಟಿ ನೋಡುತ್ತೇನೆ. ಕೆಲವು ದಿನ ಚಿಕ್ಕದಾದ ಹಾಗೆ ಇರುತ್ತದೆ. ಅವತ್ತು ನನ್ನನ್ನು ಹಿಡಿಯುವವರಿಲ್ಲ, ಬಡಗಿಗೆ ಟೀ ಕುಡಿಸುತ್ತೇನೆ. ಮರುದಿನ ಮತ್ತೆ ಇದ್ದಲ್ಲೇ ಇರುತ್ತದೆ. ಬಚ್ಚಲಿನ ಕನ್ನಡಿ ತೆಗೆದಿಟ್ಟೆ, ಒಡೆದುಹೋಯಿತು ಎಂದು ಮನೆಯಲ್ಲಿ ಹೇಳಿದೆ. ಡಾಕ್ಟರು ನೋಡುವ ತನಕ ಅದು ಹುಣ್ಣು. ಅವರು ಒಂದು ತುಂಡು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಅದಕ್ಕೆ ಹೆಸರು ಬರುತ್ತದೆ. ನಿನ್ನ ಅತ್ತೆ ಮೆಟ್ಟಿಲು ಇಳಿದದ್ದನ್ನು ನೀನು ಬರೆದಿದ್ದೆಯಲ್ಲ, ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಥಿಯೇಟರಿನ ಕೆಲಸ ಏಪ್ರಿಲಿನಲ್ಲೇ ಮುಗಿದಿದೆ ಅಕ್ಕಾ. ಜೂನಿನಲ್ಲಿ ನಿನಗೆ ಬರೆದದ್ದು ಸುಳ್ಳು.

ಇನ್ನೊಂದು ಉಳಿದಿದೆ. ಹೇಳಿದರೆ ನೀನು ನೊಂದುಕೊಳ್ಳುತ್ತೀಯ. ಯಾರಾದರೂ ಕೆಮ್ಮಿದರೆ ಚಿಲಕ ಹಾಕಿಕೊಳ್ಳುತ್ತೇನೆ ಎಂದು ನೀನು ಬರೆದಿದ್ದೆ. ತಮಾಷೆ ಎಂದು ಗೊತ್ತು. ಆದರೂ ಅದನ್ನೇ ಹಿಡಿದುಕೊಂಡೆ. ಅಕ್ಕನಿಗೆ ಸಾಕಾಗಿದೆ, ಇನ್ನೊಂದು ಮಂಚ ಅವಳ ತಲೆಗೆ ಕಟ್ಟಬಾರದು ಎಂದುಕೊಂಡಾಗ ನಾನು ದೊಡ್ಡ ಮನುಷ್ಯ ಅನ್ನಿಸುತ್ತಿತ್ತು. ಹೆದರಿದವನು ಎಂದುಕೊಳ್ಳುವುದಕ್ಕಿಂತ ಅದು ಸುಲಭ.

ಒಬ್ಬನೇ ಹೋದರೆ ಮತ್ತೆ ನೀರು ಕುಡಿಯಲು ಏಳುತ್ತೇನೆ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ನೀನು ಬಾ.

ತಮ್ಮ


ಆಗಸ್ಟ್ ೩

ತಮ್ಮಾ,

ಬರುತ್ತಿದ್ದೇನೆ. ರಜೆ ಬರೆದುಕೊಟ್ಟೆ. ಭಾನುವಾರ ಬೆಳಗಿನ ಬಸ್ಸು.

ನಾನು ಓಡಿ ಬರುತ್ತಿದ್ದೇನೆ ಎಂದು ತಿಳಿಯಬೇಡ. ನಿನ್ನ ಕಾಗದ ಓದಿದಾಗ ಮೊದಲು ಬಂದದ್ದು ಅಳುವಲ್ಲ. ಮತ್ತೆಯಾ, ಎಂದು ಬಂತು. ಅದೇ ಕಾರಿಡಾರು, ಅದೇ ಬೆಂಚು, ಅದೇ ಫಿನೈಲು ಮತ್ತೆಯಾ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ನೀನು ನನ್ನ ಮುಖ ನೋಡಿ ಬೇರೇನೋ ಕಲ್ಪಿಸಿಕೊಳ್ಳುತ್ತೀಯ, ಅದಕ್ಕೇ ಬರೆದೆ. ನನ್ನ ದಣಿವು ಇಳಿದ ಮೇಲೆ ಬರುತ್ತೇನೆ ಎಂದರೆ ವರ್ಷ ಹಿಡಿಯುತ್ತದೆ. ಹಾಗಾಗಿ ದಣಿದೇ ಬರುತ್ತೇನೆ. ನೀನು ಅದನ್ನು ಸಹಿಸಿಕೋ.

ಚಿಲಕದ ಮಾತು ನಾನು ಆಡಬಾರದಿತ್ತು. ನೀನು ಅದನ್ನು ಅಷ್ಟು ಭದ್ರವಾಗಿ ಇಟ್ಟುಕೊಳ್ಳಲೂಬಾರದಿತ್ತು. ಅಲ್ಲಿಗೆ ಬಿಡೋಣ.

ನಾನು ಬರುವಷ್ಟರಲ್ಲಿ ನಾದಿನಿಗೆ ಹೇಳಿರಬೇಕು. ಹುಣ್ಣಿನದಷ್ಟೇ ಅಲ್ಲ, ಡಬ್ಬಿಯದನ್ನೂ. ಟಾನಿಕ್ಕಿನ ಸುದ್ದಿಯನ್ನು ನಿನ್ನ ಬಾಯಿಂದ ಕೇಳಿದರೆ ಬೈದು ಸುಮ್ಮನಾಗುತ್ತಾಳೆ, ನನ್ನ ಬಾಯಿಂದ ಕೇಳಿದರೆ ಜೀವಮಾನವಿಡೀ ಸುಮ್ಮನಾಗುವುದಿಲ್ಲ. ಹೆಂಗಸರ ವಿಚಾರ, ನನ್ನ ಮಾತು ಕೇಳು.

ಡಾಕ್ಟರ ಎದುರು ನಾನು ಪಕ್ಕದಲ್ಲಿ ಕೂರುತ್ತೇನೆ. ಮಾತು ನೀನೇ ಆಡಬೇಕು.

ಅಕ್ಕ


ಸೆಪ್ಟೆಂಬರ್ ೧೨
ವಾರ್ಡು, ಕಿಟಕಿ ಪಕ್ಕದ ಮಂಚ

ಅಕ್ಕಾ,

ಎದುರಿನ ಕುರ್ಚಿಯಲ್ಲೇ ಇರುವವಳಿಗೆ ಕಾಗದ ಬರೆಯುವ ಕಾಲ ಬಂತು. ನರ್ಸು ಕೊಟ್ಟ ಪ್ಯಾಡಿನಲ್ಲಿ ನೀರು, ದಿಂಬು, ನೋವು ಇಷ್ಟೇ ಬರೆದು ಸಾಕಾಗಿದೆ. ನೀನು ನಿದ್ದೆ ಹೋಗಿದ್ದೀಯ, ಬಾಯಿ ತೆರೆದುಕೊಂಡು. ಎಷ್ಟು ದೊಡ್ಡದಾಗಿ ತೆರೆಯುತ್ತೀಯ ಎಂದು ಹೊಟ್ಟೆಕಿಚ್ಚಾಯಿತು.

ದವಡೆಯ ಅಷ್ಟು ಭಾಗ ಹೋಯಿತಲ್ಲ, ಆಪರೇಷನ್ನಿಗೆ ಮೊದಲು ಅದೇ ದೊಡ್ಡ ಹೆದರಿಕೆಯಾಗಿತ್ತು. ಈಗ ಕೈಯಿಂದ ಮುಟ್ಟಿ ನೋಡುತ್ತೇನೆ, ಇಲ್ಲ ಅಂದರೆ ಇಲ್ಲ. ಮಗಳು ನಿನ್ನೆ ಬಂದು ಬ್ಯಾಂಡೇಜಿನ ಮೇಲೇ ಮುತ್ತಿಟ್ಟಳು. ನಿನ್ನ ನಾದಿನಿ ಈಗಲೂ ಡಬ್ಬಿಯ ವಿಷಯ ಎತ್ತುತ್ತಾಳೆ. ನಾನು ತಿರುಗಿ ಮಾತಾಡಲಾರೆ ಎಂದು ಗೊತ್ತು, ಅದಕ್ಕೇ ಪೂರ್ತಿ ಎತ್ತುತ್ತಾಳೆ. ಮುಗಿದ ಮೇಲೆ ಕಾಲು ಒತ್ತುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ದೊಡ್ಡ ಡಾಕ್ಟರು ನಿನ್ನನ್ನು ಹೊರಗೆ ಕರೆದರು. ಬಾಗಿಲಿನ ಗಾಜಿನಲ್ಲಿ ಕಾಣಿಸಿತು. ಅವತ್ತಿನಿಂದ ನೀನು ನನ್ನ ಹೊದಿಕೆ ಮಡಿಸುತ್ತೀಯ, ಬಿಚ್ಚುತ್ತೀಯ, ಮತ್ತೆ ಮಡಿಸುತ್ತೀಯ. ಕತ್ತಿನಿಂದ ತೆಗೆದ ಗಂಟುಗಳ ರಿಪೋರ್ಟು ಬಂದಿರಬೇಕು.

ಇವತ್ತೇ ಹೇಳಬೇಕು ಅಂತೇನಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಹೇಳಿದರೂ ನಡೆಯುತ್ತದೆ.

ತಮ್ಮ


ಸೆಪ್ಟೆಂಬರ್ ೧೨
ಅದೇ ವಾರ್ಡು, ಕುರ್ಚಿ

ತಮ್ಮಾ,

ನಾನು ಮಾತಾಡಬಲ್ಲೆ, ಆದರೂ ಬರೆಯುತ್ತಿದ್ದೇನೆ. ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆ, ಅಕ್ಕಪಕ್ಕದ ಮಂಚದವರೆಲ್ಲ ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ. ನಿನ್ನನ್ನು ಬಿಟ್ಟು ನನ್ನನ್ನು ನೋಡಿಕೊಳ್ಳುವ ಹಾಗಾಗುವುದು ಬೇಡ.

ರಿಪೋರ್ಟು ಸೋಮವಾರವೇ ಬಂತು. ಸೋಮವಾರ ನಿನಗೆ ಜ್ವರವಿತ್ತು, ಜ್ವರ ಇಳಿಯಲಿ ಎಂದುಕೊಂಡೆ. ಮಂಗಳವಾರ ಮೊದಲ ಸಲ ನೀನು ಎದ್ದು ಕಿಟಕಿಯ ತನಕ ನಡೆದೆ, ಆ ಸಂತೋಷ ಯಾಕೆ ಕೆಡಿಸಲಿ ಎಂದುಕೊಂಡೆ. ಆಮೇಲೆ ನಾದಿನಿ ಇದ್ದಳು, ಅವಳ ಎದುರು ಹೇಗೆ ಎಂದಾಯಿತು. ನಿನ್ನೆ ಮಗಳು ಬಂದಳು. ಒಂದೊಂದು ದಿನಕ್ಕೂ ಒಂದೊಂದು ಒಳ್ಳೆಯ ಕಾರಣ ತಾನಾಗಿಯೇ ಸಿಕ್ಕಿತು, ನಾನು ಹುಡುಕಲೇ ಇಲ್ಲ. ಜುಲೈನಲ್ಲಿ ನಿನ್ನ ಮೇಲೆ ಎಷ್ಟು ಸಿಟ್ಟಾಗಿದ್ದೆ. ಇಷ್ಟು ಗೊತ್ತಿದ್ದೂ ಸುಮ್ಮನಿದ್ದನಲ್ಲ, ಇವನೆಂಥ ಮನುಷ್ಯ ಎಂದುಕೊಂಡಿದ್ದೆ. ನಾಲ್ಕು ದಿನ ನಿನ್ನ ಹೊದಿಕೆ ಮಡಿಸಿದ ಮೇಲೆ ಎಂಥ ಮನುಷ್ಯ ಎಂದು ಗೊತ್ತಾಯಿತು, ನನ್ನಂಥವನೇ.

ಹೊಲಿಗೆ ಬಿಚ್ಚಿದ ಮೇಲೆ ಹೇಳು ಎನ್ನುತ್ತೀಯ. ಆಗುವುದಿಲ್ಲ. ಆಮೇಲೆ ಇನ್ನೊಂದು ಬರುತ್ತದೆ.

ಕೆನ್ನೆಯದನ್ನು ಪೂರ್ತಿ ತೆಗೆದಾಗಿದೆ. ಕತ್ತಿನ ಗಂಟುಗಳಲ್ಲಿ ಮೂರಕ್ಕೆ ಹರಡಿದೆ. ಅವನ್ನೂ ತೆಗೆದಿದ್ದಾರೆ, ಆದರೆ ಅಷ್ಟೇ ಸಾಲದಂತೆ. ಕರೆಂಟು ಕೊಡಬೇಕು, ಅದೇ ರೇಡಿಯೇಷನ್, ಜೊತೆಗೆ ಔಷಧಿಯೂ ಇದೆ. ಗಂಟಲು ಸುಡುತ್ತದೆ, ರುಚಿ ಹೋಗುತ್ತದೆ, ತಡೆದುಕೊಳ್ಳಬೇಕು ಎಂದರು. ಇವೆಲ್ಲ ಮಾಡಿದರೆ ವಾಸಿಯಾಗುತ್ತದಾ ಎಂದು ಕೇಳಿದೆ. ಆಗುವವರೂ ಇದ್ದಾರೆ, ಆಗದವರೂ ಇದ್ದಾರೆ, ನಿಮ್ಮ ತಮ್ಮ ಯಾವ ಕಡೆ ಎಂದು ಈಗ ಹೇಳಲಾರೆ ಅಂದರು. ಮೊದಲೇ ಬಂದಿದ್ದರೆ ಎಂದು ಶುರು ಮಾಡಿದರು. ನಾನು ಕೈ ಎತ್ತಿ, "ಅದು ಬೇಡ ಡಾಕ್ಟ್ರೇ, ಮುಂದಿಂದು ಹೇಳಿ" ಅಂದೆ.

ಮುಂದಿನದು ಇಷ್ಟು. ನಾಳೆ ಬೆಳಿಗ್ಗೆ ಕರೆಂಟು ಕೊಡುವ ಡಾಕ್ಟರು ನಿನ್ನನ್ನು ನೋಡಲು ಬರುತ್ತಾರೆ. ಅವರನ್ನು ಏನು ಕೇಳಬೇಕೋ ಬರೆದಿಡು, ನಾನು ಓದಿ ಹೇಳುತ್ತೇನೆ. ಒಂದನ್ನೂ ಬಿಡುವುದಿಲ್ಲ, ಬದಲಾಯಿಸುವುದೂ ಇಲ್ಲ. ಅವರು ಏನು ಹೇಳುತ್ತಾರೋ ಅದನ್ನು ನಿನ್ನ ಎದುರಿಗೇ ಹೇಳಬೇಕು, ನನ್ನನ್ನು ಹೊರಗೆ ಕರೆಯಬಾರದು ಎಂದು ನರ್ಸಿಗೆ ಈಗಷ್ಟೇ ಹೇಳಿ ಬಂದೆ.

ಇದನ್ನು ನಿನ್ನ ಕೈಗೆ ಕೊಟ್ಟು ನಾನು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ನಿಧಾನವಾಗಿ ಓದು. ಮುಗಿದ ಮೇಲೆ ಮಂಚವನ್ನು ಒಂದು ಸಲ ತಟ್ಟು, ತಿರುಗುತ್ತೇನೆ.

ಅಕ್ಕ